ಕಡಲ ದಂಡೆಯ ತವರು

ಕಿತ್ತೂರಿನ ಹೈವೇ ಪಕ್ಕದಲ್ಲಿ ಬೆಳಗಾವಿಯ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಹಿಂದುಗಡೆ ಒಂದು ದೊಡ್ಡ ಲಾಡ್ಜು ಏಳುತ್ತಿದೆ, ಇನ್ನೂ ಸಿಮೆಂಟಿನ ಬಣ್ಣದಲ್ಲೇ ಇದೆ. ಅದರ ನೆರಳಿಗೆ ತಗಡಿನ ಶೆಡ್ಡು ಹಾಕಿಕೊಂಡು ಬಂಗಾಳದ ಕೆಲಸಗಾರರು ಮಧ್ಯಾಹ್ನದ ಅಡುಗೆಗೆ ಒಲೆ ಹಚ್ಚಿದ್ದರು. ಯಾರೋ ಬಾಣಲೆಗೆ ಸಾಸಿವೆ ಎಣ್ಣೆ ಸುರಿದಿರಬೇಕು. ಅದು ಕಾದು ಹೊಗೆ ಎದ್ದದ್ದೇ ತಡ, ನಿಂತವರೆಲ್ಲ ಮೂಗಿಗೆ ಸೆರಗು, ಕರ್ಚೀಫು ಹಿಡಿದರು. ನಮ್ಮ ಅಂಗನವಾಡಿಯ ಸಹಾಯಕಿ ನೀಲವ್ವ ನನ್ನ ಜೊತೆಗಿದ್ದಳು. ಮೇಲಿಂದ ಮೇಲೆ ಸೀನಿ, "ಯಪ್ಪಾ, ಏನ್ ಘಾಟ ಐತ್ರಿ ಟೀಚರ್‍ರ! ಆ ಕಡಿ ಹೋಗೂನು ಬರ್‍ರಿ" ಅಂದಳು.

"ನೀ ಹೋಗು, ನಾ ಬರತೇನಿ" ಅಂದೆ. ಹೋಗಲಿಲ್ಲ. ಮೂಗು ಅರಳಿಸಿಕೊಂಡು ಅಲ್ಲೇ ನಿಂತುಬಿಟ್ಟೆ. ಬಸ್ಸು ಬಂತು, ನಿಂತಿತು, ಹೋಯಿತು. ನೀಲವ್ವ ಹಣೆ ಚಚ್ಚಿಕೊಂಡಳು. ಚಚ್ಚಿಕೊಳ್ಳಲಿ ಪಾಪ. ಆ ಘಾಟು ನನ್ನ ತವರುಮನೆಯ ಅಡುಗೆಮನೆಯದು ಎಂದು ಅವಳಿಗೇನು ಗೊತ್ತು?

ನಾನು ಹುಟ್ಟಿದ ಮನೆ ಇರುವುದು ಮುರಗೋಡದಲ್ಲಿ. ಅಲ್ಲಿ ಶೇಂಗಾ ಎಣ್ಣೆ, ಕುಸುಬಿ ಎಣ್ಣೆ ಬಿಟ್ಟು ಬೇರೆ ಎಣ್ಣೆಯ ವಾಸನೆ ಇಲ್ಲ. ನಾನು ಹೇಳುತ್ತಿರುವುದು ಇನ್ನೊಂದು ತವರಿನ ಮಾತು. ಅದು ಅಂಡಮಾನಿನ ಒಂದು ಸಣ್ಣ ದ್ವೀಪದಲ್ಲಿತ್ತು. ಒಂದೇ ಒಂದು ವರ್ಷ, ದೀಪಾವಳಿಯಿಂದ ದೀಪಾವಳಿಗೆ, ನಾನು ಅಲ್ಲಿದ್ದೆ.

ನಮ್ಮವರು ಗೌಂಡಿ. ಗಂಡನ ಊರು ದೊಡವಾಡದಲ್ಲಿ ಇವರು ಎತ್ತಿದ ಗೋಡೆಗೆ ಓಳಂಬದ ತೂಗುಗುಂಡು ಹಿಡಿದು ನೋಡುವ ಕೆಲಸವಿಲ್ಲ ಅನ್ನುತ್ತಾರೆ. ನಾನೇ ಹೇಳಿದರೆ ಹೆಂಡತಿ ಹೊಗಳಿಕೊಂಡಳು ಅಂತ ಆಗುತ್ತದೆ, ಆಗಲಿ, ಸುಳ್ಳಂತೂ ಅಲ್ಲ. ನಮ್ಮ ಮದುವೆಯಾದ ಮರುವರ್ಷ ಧಾರವಾಡದ ಈರಣ್ಣ ಸಾಹುಕಾರರು ಮನೆಗೆ ಬಂದರು. ಅವರು ಕಟ್ಟಡದ ಠೇಕೇದಾರರು. ಗೋವೆಯಲ್ಲಿ ಒಂದು ಕಂಪನಿಗೆ ರಿಸಾರ್ಟು ಕಟ್ಟಿಕೊಟ್ಟಿದ್ದರು. ಅದೇ ಕಂಪನಿ ಈಗ ಅಂಡಮಾನಿನಲ್ಲಿ ಕಡಲ ದಂಡೆಯ ಜಾಗ ತೆಗೆದುಕೊಂಡಿತ್ತು, ಅದೇ ಗ್ಯಾಂಗು ಬೇಕು ಅಂದಿತ್ತು. ಗ್ಯಾಂಗಿನಲ್ಲಿ ಹೆಚ್ಚಿನವರು ರಾಮದುರ್ಗ, ಸವದತ್ತಿ ಕಡೆಯವರು. ಅವರಲ್ಲಿ ಹಿರಿಯರು ರಾಮದುರ್ಗದ ಯಮನಪ್ಪ ಕಾಕಾ.

"ರೊಟ್ಟಿ ಇಲ್ಲಂದ್ರ ನಮ್ಮ ಮಂದಿ ವಾರಾನೂ ನಿಂದ್ರೂದಿಲ್ಲ. ನೀನೂ ಬಾರವ್ವಾ ಮಾದೇವಿ, ಅಡಗಿ ನಿಂದು" ಎಂದು ಸಾಹುಕಾರರು ನನಗೆ ಹೇಳಿದರು. ನಾನು ಅತ್ತೆಯ ಮುಖ ನೋಡಿದೆ. "ನನ್ನ ಮಾರಿ ಏನ ನೋಡ್ತಿ? ಗಂಡನ್ನ ನೀರಿನ ನಡುವ ಬಿಟ್ಟು ಇಲ್ಲಿ ಏನ ಕಡದು ಕಟ್ಟಿ ಹಾಕಾಕಿ? ನಡಿ" ಅಂದರು. ಹಾಗೆ ಜೋಳದ ಹಿಟ್ಟಿನ ಚೀಲಗಳ ಜೊತೆಗೆ ನಾನೂ ಹಡಗು ಹತ್ತಿದೆ.

ನವಿಲುತೀರ್ಥದ ಹಿನ್ನೀರು ಕಂಡವಳು ನಾನು. ನೀರು ಅಂದರೆ ಅಷ್ಟೇ ಅಂದುಕೊಂಡಿದ್ದೆ. ಹಡಗಿನಲ್ಲಿ ಆ ಸೊಕ್ಕೆಲ್ಲ ವಾಂತಿಯಾಗಿ ಹೋಯಿತು. ಕಡೆಗೆ ಸಣ್ಣ ದೋಣಿ ಇಳಿದು ಆ ದಂಡೆಯ ಮೇಲೆ ಕಾಲಿಟ್ಟಾಗ ಮಾತ್ರ ಸುಮ್ಮನೆ ನಿಂತುಬಿಟ್ಟೆ. ಹಿಟ್ಟಿನಂಥ ಬಿಳಿ ಮರಳು. ಅದರ ಮೇಲೆ ಬಿಸಿಲು. ನೀರಿನವರೆಗೆ ಬಾಗಿದ, ಹೆಸರು ಗೊತ್ತಿಲ್ಲದ ದೊಡ್ಡ ಮರಗಳು, ಅವುಗಳ ಹಿಂದೆ ತೆಂಗು. ಒಬ್ಬ ಮನುಷ್ಯನಿಲ್ಲ, ಒಂದು ದನಿ ಇಲ್ಲ. ನಮ್ಮೂರಲ್ಲಿ ಬಿಸಿಲು ಎಂದರೆ ಬೈಗುಳ, ಅಲ್ಲಿ ಅದೇ ಬಿಸಿಲು ಅಷ್ಟು ಚೆಂದ ಕಂಡಿತು. ಯಮನಪ್ಪ ಕಾಕಾ ಮಾತ್ರ ಬಗ್ಗಿ ಒಂದು ಹಿಡಿ ಮರಳು ಎತ್ತಿ, ಬೆರಳ ಸಂದಿಯಿಂದ ಸೋರಿಸಿ, "ನಮ್ಮ ಎರಿ ಮಣ್ಣಾಗರ ಬುನಾದಿ ಕುಂದರತಿತ್ತು. ಇದರಾಗ ದೇವರ ನಿಂದ್ರಸಬೇಕು" ಅಂದರು.

ಮಾರನೆಯ ದಿನದಿಂದಲೇ ಕಂಪನಿಯವರು ಸುಣ್ಣದ ಗೆರೆ ಎಳೆದರು. ಇಲ್ಲಿ ಕಾಟೇಜು, ಅಲ್ಲಿ ಈಜುವ ಹೊಂಡ, ಆಚೆ ಊಟದ ಮನೆ. ಕಡಲ ಪಕ್ಕದಲ್ಲೇ ಈಜಲು ಹೊಂಡ ಏಕೆ ಬೇಕು ಎಂದು ನನಗೆ ಇವತ್ತಿಗೂ ತಿಳಿದಿಲ್ಲ. ಬಲು ಶಾಂತವಾದ ಜಾಗ ಎಂದು ಜನ ಬರಬೇಕಂತೆ. ಅವರಿಗೋಸ್ಕರ ನಮ್ಮ ಮಂದಿ ಬೆಳಗಿನಿಂದ ಸಂಜೆಯವರೆಗೆ ಕಲ್ಲು ಒಡೆದರು, ಮಿಕ್ಸರು ತಿರುಗಿಸಿದರು, ಕೂಗಾಡಿದರು. ಮರಗಳಲ್ಲಿ ಕೆಲವು ಹೋದವು. ಮನಸ್ಸಿಗೆ ಚುರುಕ್ ಅನ್ನುತ್ತಿತ್ತು. ಆದರೆ ನಮ್ಮ ಅನ್ನವೂ ಅದೇ ಆಗಿತ್ತಲ್ಲ, ಹಾಗಾಗಿ ಚುರುಕ್ ಅಂದದ್ದನ್ನು ನುಂಗಿಕೊಂಡು ರೊಟ್ಟಿ ಬಡಿದೆ.

ಆ ರೊಟ್ಟಿ ಬಡಿಯುವ ಸಪ್ಪಳವೇ ಮಾಸಿಯನ್ನು ಕರೆದು ತಂದದ್ದು. ಯಾರೋ ಬೆಳಗಾಗೆದ್ದು ಚಪ್ಪಾಳೆ ಹೊಡೆಯುತ್ತಿದ್ದಾರಲ್ಲ ಎಂದು ನೋಡಲು ಬಂದಳಂತೆ. ನಮ್ಮ ಶೆಡ್ಡಿನ ಬಾಗಿಲಲ್ಲಿ ಬಿಳಿ ಸೀರೆಯ ಮುದುಕಿಯೊಬ್ಬಳು ಬಾಯಿ ತೆರೆದು ನಿಂತಿದ್ದಳು. ಬಂಗಾಳದಿಂದ ಬಂದು ಕಾಡು ಕಡಿದು ಅಲ್ಲಿ ನೆಲೆನಿಂತ ಮನೆತನ ಅವಳದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಮಗ ನಿತಾಯಿ ಮೀನು ಹಿಡಿಯುತ್ತಿದ್ದ. ಊರವರೆಲ್ಲ ಅವಳನ್ನು ಮಾಸಿ ಅನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ನಾನೂ ಹಾಗೇ ಕರೆದೆ. ಅವಳದು ಬಂಗಾಳಿ ಬೆರೆತ ಹಿಂದಿ, ನನ್ನದು ಬೈಲಹೊಂಗಲದ ಸಂತೆಯ ಹಿಂದಿ. ಹೇಗೋ ನಡೆಯುತ್ತಿತ್ತು. ಅವಳ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ದಿನ ತಾನೂ ಒಂದು ರೊಟ್ಟಿ ಬಡಿಯುತ್ತೇನೆ ಎಂದು ಕುಳಿತಳು. ಅದು ಹರಿದು ಹನ್ನೆರಡಾಯಿತು. ನಕ್ಕು ನಕ್ಕು ಇಬ್ಬರಿಗೂ ಹೊಟ್ಟೆ ನೋವು. ಮರುದಿನ ಋಣ ತೀರಿಸುವವಳಂತೆ ಬಾಳೆಲೆಯಲ್ಲಿ ಸುತ್ತಿ ಒಂದು ಮೀನು ತಂದಳು. ನಾನು ಶೆಡ್ಡು ಬಿಟ್ಟು ಓಡಿದೆ. ಕೊರಳ ಲಿಂಗ ಹಿಡಿದು ತೋರಿಸಿ, ನಮ್ಮ ಮನೆತನದಲ್ಲಿ ಇದು ನಡೆಯುವುದಿಲ್ಲ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಬೇಕಾಯಿತು. "ಮೀನಿಲ್ಲದೆ ಮನುಷ್ಯರು ಬದುಕುತ್ತಾರೆಯೇ? ಅಯ್ಯೋ, ಹುಲ್ಲು ತಿನ್ನುವ ಹುಡುಗಿ" ಎಂದು ಮರುಗಿದಳು. ಆ ಮೇಲೆ ಅವಳಿಂದ ನುಗ್ಗೆಕಾಯಿ, ಕುಂಬಳದ ಕುಡಿ, ತೆಂಗಿನಕಾಯಿ ಬರತೊಡಗಿದವು. ನನ್ನಿಂದ ರೊಟ್ಟಿ, ಶೇಂಗಾ ಚಟ್ನಿ ಹೋಗತೊಡಗಿದವು.

ಅವಳು ಬರುತ್ತಿದ್ದ ದಾರಿಯ ವಿಷಯ ಹೇಳಬೇಕು. ಕಡಲಿಗೆ ಹತ್ತಿದ ಜಾಗವೆಲ್ಲ ಈಗ ಕಂಪನಿಯದು. ಮಾಸಿಯ ಮನೆ ಅದರ ಬೆನ್ನಿಗೆ ಇತ್ತು. ಅವಳ ಅಂಗಳದಿಂದ ಹೊರಟ ಕಾಲುದಾರಿಯೊಂದು ಕಂಪನಿಯ ಜಾಗದ ಅಂಚಿನಲ್ಲೇ ಹಾದು, ಕೇದಗೆ ಪೊದೆ ದಾಟಿ, ದಂಡೆಯಲ್ಲಿದ್ದ ನಿತಾಯಿಯ ದೋಣಿಗೆ ಮುಟ್ಟುತ್ತಿತ್ತು. ಕಾಡು ಕಡಿದ ಕಾಲದಿಂದ ಆ ಮನೆಯವರು ತುಳಿದ ದಾರಿ. ಅದು ಬಿಟ್ಟರೆ ರಸ್ತೆ ಹಿಡಿದು ದೂರ ಸುತ್ತಿ, ಬಂಡೆಗಳ ಮೂತಿ ದಾಟಿ ಬರಬೇಕು. ಕಡಲು ಏರಿದಾಗ ಆ ಬಂಡೆ ದಾಟಲು ಬರುವುದಿಲ್ಲ. ದೋಣಿ ಮುಟ್ಟದಿದ್ದರೆ ಆ ಮನೆಯ ಒಲೆ ಹೊತ್ತುವುದಿಲ್ಲ, ಇಷ್ಟೇ ಲೆಕ್ಕ.

ಹಡಗು ಇಳಿದು ಎಷ್ಟೋ ದಿನವಾದರೂ ನನ್ನ ವಾಂತಿ ನಿಲ್ಲಲಿಲ್ಲ. ನಮ್ಮವರು ದಿನಾ ಬೆಳಿಗ್ಗೆ ಎದ್ದು ಆ ಹಡಗಿಗೆ ಶಾಪ ಹಾಕುತ್ತಿದ್ದರು. ಮಾಸಿ ಒಂದು ದಿನ ನನ್ನ ಗದ್ದ ಹಿಡಿದು ಮುಖ ತಿರುಗಿಸಿ ನೋಡಿ, "ಹಡಗಿನದಲ್ಲ ತಪ್ಪು" ಎಂದು ಕಿಸಕ್ಕನೆ ನಕ್ಕಳು. ಇವರು ಕರಣಿ ಹಿಡಿದುಕೊಂಡೇ ಶೆಡ್ಡಿನ ಸುತ್ತ ಎರಡು ಸುತ್ತು ಹಾಕಿದರು. ಆಮೇಲೆ ಮತ್ತೆ ಗೋಡೆ ಕಟ್ಟಲು ಹೋದರು.

ಚೊಚ್ಚಲು ಬಸಿರು. ಏಳರಲ್ಲಿ ಊರಿಗೆ ಹೋಗಿ, ಕುಬಸ, ಅಂದರೆ ಸೀಮಂತ, ಮಾಡಿಸಿಕೊಂಡು, ತವರಿನಲ್ಲೇ ಹಡೆಯುವುದು ಎಂದು ಎಲ್ಲ ನಿಕ್ಕಿಯಾಗಿತ್ತು. ಆದರೆ ಯುಗಾದಿಯ ಹೊತ್ತಿಗೆ ಒಂದಿಷ್ಟು ರಕ್ತ ಕಂಡಿತು. ದ್ವೀಪದ ದವಾಖಾನೆಯ ಡಾಕ್ಟರಮ್ಮ, "ಹಡಗೂ ಬೇಡ, ವಿಮಾನವೂ ಬೇಡ, ಮಲಗಿರು" ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟರು. ಜೆಟ್ಟಿಯ ಹತ್ತಿರ ಮಾತ್ರ ಫೋನು ಹತ್ತುತ್ತಿತ್ತು. ಅಲ್ಲಿಂದ ಅವ್ವನಿಗೆ ಹೇಳಿದೆ. ಅವ್ವ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಇರಲಿ ಬಿಡವ್ವಾ, ನೀನೂ ಕೂಸೂ ನೆಟ್ಟಗ ಇರ್‍ರಿ ಅಷ್ಟ ಸಾಕು. ಆದ್ರ ಖಾಲಿ ಉಡ್ಯಾಗ ಹಡೀಬ್ಯಾಡ. ಅಲ್ಲೇ ಹೆಣ್ಣಮಕ್ಕಳನ್ನ ಕೂಡಿಸಿ ಉಡಿ ತುಂಬಿಸ್ಕೊ" ಅಂದಳು.

ಈ ಮಾತು ಸಾಹುಕಾರರ ಕಿವಿಗೆ ಬಿತ್ತು. ಅವರು ಆಗ ಮೇಲ್ವಿಚಾರಣೆಗೆ ಅಲ್ಲೇ ಬಂದಿದ್ದರು. "ಕುಬಸ ನಾವ ಮಾಡೂನು. ನಮ್ಮ ಮನಿ ಮಗಳಿದ್ದಂಗ. ಉಡಿ ತುಂಬಾಕ ಆ ಹಿಂದಿನ ಮನಿ ಅಜ್ಜೀನ ಕರೀರಿ" ಎಂದು ಎಲ್ಲರೆದುರು ಸಾರಿದರು. ಹಸಿರು ಸೀರೆ, ಹಸಿರು ಬಳೆ, ಉತ್ತತ್ತಿ, ಕೊಬ್ಬರಿ ಬಟ್ಟಲು ಎಲ್ಲ ದೊಡ್ಡ ದ್ವೀಪದಿಂದ ತರಿಸಿದರು. ಅವರ ಕೈ ಇಷ್ಟು ಧಾರಾಳ ಇರುವುದನ್ನು ಗ್ಯಾಂಗಿನವರು ಅದೇ ಮೊದಲು ಕಂಡದ್ದು. ಕಾಕಾ ಮೆಲ್ಲಗೆ, "ಸಾಹುಕಾರ್‍ರಿಗೆ ಜ್ವರಾ ಗಿರಾ ಬಂದಾವೇನು ನೋಡ್ರಿ" ಅಂದರು.

ಕರೆಯಲು ಹೋದರೆ ಮಾಸಿ ಹಿಂದೆ ಸರಿದಳು. ಅವರಲ್ಲೂ ಬಸುರಿಗೆ ಉಣಿಸುವ ಶಾಸ್ತ್ರವಿದೆಯಂತೆ. "ಅಡುಗೆ ಎಲ್ಲ ನಾನೇ ಮಾಡುತ್ತೇನೆ ಮಗಳೇ. ಆದರೆ ಗಂಡನಿಲ್ಲದ ಕೈ ಇದು, ಇದರಿಂದ ನಿನ್ನ ಮಡಿಲು ತುಂಬಬೇಡ" ಅಂದಳು.

ನನಗೆ ಸಿಟ್ಟೇ ಬಂತು. "ನಮ್ಮವ್ವನಿಗೂ ಗಂಡನಿಲ್ಲ. ಅವಳು ಇಲ್ಲಿದ್ದಿದ್ದರೆ ಅವಳೇ ತುಂಬುತ್ತಿದ್ದಳು. ಅವಳ ಜಾಗದಲ್ಲಿ ನಿನ್ನನ್ನು ಕರೆದರೆ ನೀನು ನೆವ ಹೇಳುತ್ತೀಯಲ್ಲ" ಅಂದೆ. ಮಾಸಿ ಎದ್ದಳು. ಕೈ ತೊಳೆದುಕೊಂಡು ಬಂದಳು.

ಅವತ್ತು ಮಾಸಿಯ ಅಂಗಳದಲ್ಲಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ನೆರೆಯ ಹೆಣ್ಣುಮಕ್ಕಳು ನಾಲ್ವರು, ಮಾಸಿ ಐದನೆಯವಳು. ಹಸಿರು ಬಳೆ ಏರಿಸಿ, ಅಕ್ಕಿ, ಉತ್ತತ್ತಿ, ಅರಿಷಿಣ ಕೊಂಬು, ಕೊಬ್ಬರಿ ಬಟ್ಟಲು ಮಾಸಿ ತನ್ನ ಕೈಯಿಂದಲೇ ನನ್ನ ಸೆರಗಿಗೆ ಹಾಕಿದಳು. ಹೆಣ್ಣುಮಕ್ಕಳು ಅವರ ಪದ್ಧತಿಯಂತೆ ಉಲು ಹಾಕಿದರು, ನಾಲಿಗೆ ಆಡಿಸಿ ಕೂಗುವ ಮಂಗಳದ ಕೂಗು ಅದು. ನಮ್ಮ ಗೌಂಡಿಗಳು ಬೆಚ್ಚಿಬಿದ್ದರು. ಆಮೇಲೆ, "ಹೆಸರ ಹೇಳು, ಹೆಸರ ಹೇಳು" ಎಂದು ನನ್ನ ಬೆನ್ನು ಬಿದ್ದರು. ಗಂಡನ ಹೆಸರನ್ನು ಒಡಪು ಕಟ್ಟಿಯೇ ಹೇಳಬೇಕಲ್ಲ. ನಾನು ತಲೆ ತಗ್ಗಿಸಿಕೊಂಡೇ ಹೇಳಿದೆ:

"ಉಪ್ಪ ನೀರಾಗ ಹಡಗ ಬಿಟ್ಟು, ತೆಂಗಿನ ನೆಳ್ಳಾಗ ಮನಿ ಕಟ್ಟು, ಬಸವರಾಜರ ಹೆಸರ ಹೇಳತೇನಿ ಮಾಸಿ ಇಟ್ಟ ಬಳಿ ತೊಟ್ಟು."

ಶಿಳ್ಳೆ ಹೊಡೆದರು. ನಮ್ಮವರ ಕಿವಿ ಕೆಂಪಗಾಗಿತ್ತು. ಮಾಸಿ ಮೀನಿನ ಕೈ ಸೋಂಕದ ಹೊಸ ಪಾತ್ರೆ ತಂದು, ಸಾಸಿವೆ ಎಣ್ಣೆಯಲ್ಲಿ ಬದನೆಕಾಯಿ, ಕುಂಬಳಕಾಯಿ, ಬೇಳೆ, ಬೆಲ್ಲದ ಪಾಯಸ ಮಾಡಿದ್ದಳು. ಆ ಘಾಟು ಮೊದಲ ಸಲ ನನಗೆ ಹಿತವಾಗಿ ಹತ್ತಿತು. ಸಾಹುಕಾರರು ಹೊಟ್ಟೆ ಸವರಿಕೊಂಡು, "ಉಣ್ಣವ್ವಾ ಮಾದೇವಿ. ಇವತ್ತಿನಿಂದ ಇದ ನಿನ್ನ ತವರಮನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಹೌದೌದು ಎಂದು ಗ್ಯಾಂಗಿನವರೆಲ್ಲ ತಲೆ ಆಡಿಸಿ ಉಂಡರು.

ಅದೇ ವಾರ ಸಾಹುಕಾರರು ನಕ್ಷೆ ಬಿಚ್ಚಿದರು. ರಿಸಾರ್ಟಿನ ಬೆನ್ನಿಗೆ ಉದ್ದಕ್ಕೂ ಕಂಪೌಂಡ್ ಗೋಡೆ. ಎಲ್ಲೂ ಸಂದಿ ಇಲ್ಲ. ಮಾಸಿಯ ದಾರಿ ಅದರಡಿ ಹೋಗುತ್ತಿತ್ತು.

ಕಂಪನಿಯ ಆಜ್ಞೆ, ಮಳೆಯ ಮೊದಲು ಮುಗಿಯಬೇಕು. ಕಟ್ಟುವುದಿಲ್ಲ ಅಂದರೆ ಠೇಕೆ ಹೋಗುತ್ತದೆ, ಗ್ಯಾಂಗನ್ನು ಊರಿಗೆ ಅಟ್ಟುತ್ತಾರೆ. ಎಲ್ಲರೂ ಹಡಗು ಹತ್ತಿಯಾರು, ನಾನು ಹತ್ತುವಂತಿಲ್ಲ. ಕಟ್ಟಿದರೆ ನಿತಾಯಿಯ ದೋಣಿ ಒಂದು ಕಡೆ, ಅವನ ಮನೆ ಒಂದು ಕಡೆ. ಮಾಸಿಗೆ ಸುದ್ದಿ ಮುಟ್ಟಿತು. ಜಗಳಕ್ಕೆ ಬರುತ್ತಾಳೆ ಅಂದುಕೊಂಡೆ, ಬಂದಿದ್ದರೆ ಚೆನ್ನಾಗಿತ್ತು. ಅವಳು ರೊಟ್ಟಿಗೆ ಬರುವುದನ್ನೇ ಬಿಟ್ಟಳು. ನಾನೇ ಹೊಟ್ಟೆ ಹೊತ್ತುಕೊಂಡು ಹೋದರೆ, "ನಿಮ್ಮ ಕೈಗೆ ಕೊಟ್ಟ ಕೆಲಸ ನೀವು ಮಾಡಬೇಕಲ್ಲ ಮಗಳೇ. ನನ್ನ ಅಳಿಯನ ಮೇಲೆ ನನಗೆ ಸಿಟ್ಟಿಲ್ಲ" ಎಂದು ನನ್ನ ತಲೆಗೆ ಎಣ್ಣೆ ಹಚ್ಚಲು ಕುಳಿತಳು. ಅಳಿಯ ಅಂದುಬಿಟ್ಟಳು ನೋಡಿ. ನಾನು ಬಂದು ಇವರಿಗೆ ಅದನ್ನೇ ಹೇಳಿದೆ, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಅವತ್ತು ಇವರು ರೊಟ್ಟಿ ಮುರಿದರು, ತಿನ್ನಲಿಲ್ಲ. ಕಾಕಾ ಕೈ ತೊಳೆದುಕೊಂಡು, "ಉಂಡ ಮನಿ ಗಳ ಎಣಿಸಬಾರ್‍ದು ಅಂತಾರ. ನಾವು ಉಂಡ ಮನಿ ಬಾಗಲಕ್ಕ ಗ್ವಾಡಿ ಕಟ್ಟಾಕ ಹೊಂಟೇವಿ. ನಮ್ಮ ಹುಡಿಗಿ ತವರಿಗೆ ಹೋಗೂ ದಾರಿ ಅದು" ಅಂದರು.

"ಕಾಕಾ, ಗ್ವಾಡಿ ಕಟ್ಟೂದು ಕಟ್ಟೂನು. ನಾ ಒಂದ ಮಾತ ಹೇಳ್ತೇನಿ, ಕೇಳ್ರಿ" ಎಂದು ಇವರು ಅವರನ್ನು ಹೊರಗೆ ಕರೆದುಕೊಂಡು ಹೋದರು. ಏನು ಮಾತಾಡಿದರೋ ನನಗೂ ಹೇಳಲಿಲ್ಲ.

ಗೋಡೆ ಎರಡೂ ತುದಿಯಿಂದ ಏಳುತ್ತ ಬಂತು. ಸಾಹುಕಾರರು ದಿನಾ ನೋಡಿ ಸಮಾಧಾನದಿಂದ ಹೋಗುತ್ತಿದ್ದರು. ಕಡೆಗೆ ಮಾಸಿಯ ದಾರಿಯಷ್ಟು ಸಂದಿ ಉಳಿಯಿತು. ಆಗ ಒಂದು ಮುಂಜಾನೆ ಇವರು ನನ್ನನ್ನು ಎಬ್ಬಿಸಿ, "ಅರಿಷಿಣ ಕುಂಕುಮ ತಗೊಂಡು ಬಾ" ಅಂದರು. ಹೋಗಿ ನೋಡಿದರೆ ಆ ಸಂದಿಯಲ್ಲಿ ಬಾಗಿಲ ಚೌಕಟ್ಟು ನಿಲ್ಲಿಸಿದ್ದಾರೆ! ಕಾಟೇಜಿಗೆಂದು ಮಾಡಿಸಿ ಅಳತೆ ಹೊಂದದೆ ಮೂಲೆಗೆ ಬಿದ್ದಿದ್ದ ಕೆಂಪು ಪಡೌಕ್ ಮರದ ಚೌಕಟ್ಟು. ಮೇಲಿನ ಪಟ್ಟಿಗೆ ಹಸಿರು ರವಿಕೆ ಬಟ್ಟೆಯಲ್ಲಿ ಕಾಳು ಕಟ್ಟಿ ತೂಗು ಹಾಕಿದ್ದರು. ನಾನು ಹೊಸ್ತಿಲಿಗೆ ಅರಿಷಿಣ ಬಳಿದು, ಕುಂಕುಮ ಇಟ್ಟು, ಆರತಿ ಮಾಡಿದೆ. ಕಾಕಾ ಕಾಯಿ ಒಡೆದರು.

ಸಾಹುಕಾರರು ಬಂದವರು ಕಿಡಿಕಿಡಿಯಾದರು. "ಯಾರನ್ನ ಕೇಳಿ ನಿಂದ್ರಿಸಿದ್ರಲೇ ಇದನ್ನ? ಕೀಳ್ರಿ ಮೊದಲ!" ಎಂದು ಕೂಗುತ್ತ ದಡದಡ ಬಂದರು. ಹೊಸ್ತಿಲ ಅರಿಷಿಣ ಕಂಡದ್ದೇ ತಡ, ಅವರಿಗೆ ಗೊತ್ತಿಲ್ಲದೆಯೇ ಕಾಲು ಚಪ್ಪಲಿ ಬಿಟ್ಟವು. ನಾವೆಲ್ಲ ಅದನ್ನು ನೋಡಿದೆವು. ಅವರೂ ತಮ್ಮ ಬರಿಗಾಲು ನೋಡಿಕೊಂಡರು.

"ಪೂಜಿ ಮಾಡಿ ನಿಂದ್ರಿಸಿದ ಚೌಕಟ್ಟ ಕೀಳೂ ಗೌಂಡಿ ನಮ್ಮಾಗ ಇಲ್ರಿ" ಎಂದು ಕಾಕಾ ಕೈ ಕಟ್ಟಿ ನಿಂತರು. "ನೀವ ಕೀಳ್ತೀರಿ ಅಂದ್ರ ಹಾರಿ ಕೊಡ್ತೇವಿ, ತಗೋರಿ."

ಸಾಹುಕಾರರು ಹಾರೆ ಮುಟ್ಟಲಿಲ್ಲ. ಅಲ್ಲೇ ಕಲ್ಲಿನ ಮೇಲೆ ಕುಳಿತು ತಲೆ ಮೇಲೆ ಕೈ ಹೊತ್ತರು. "ಅಜ್ಜೀ ಬಾಯಿ ಮುಚ್ಚಸಾಕ ಅಂತ ಅಕೀ ಕೈಲೆ ಉಡಿ ತುಂಬಿಸಿದ್ನಿ. ಉಂಡು ತಿಂದು ಮೆತ್ತಗಾದ್ರ ಗ್ವಾಡಿಗೆ ತಕರಾರ ಮಾಡೂದಿಲ್ಲ ಅಂತ ನನ್ನ ಲೆಕ್ಕ ಇತ್ತು. ಈಗ ನೋಡಿದ್ರ ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂಗ ಆತಲ್ಲೋ ಯಪ್ಪಾ!" ಅಂದರು. ಆ ಧಾರಾಳದ ಗುಟ್ಟು ಹೀಗೆ ಬಯಲಾಯಿತು. ನನಗೆ ಕೆಡುಕೆನಿಸಬೇಕಿತ್ತು. ಅನಿಸಲಿಲ್ಲ, ನಗು ಬಂತು. ಇವರೆಲ್ಲ ನಕ್ಕರು. ಕಡೆಗೆ ಸಾಹುಕಾರರೂ ನಕ್ಕರು, ಆದರೆ ಕಣ್ಣಲ್ಲಿ ನೀರಿತ್ತು. "ತವರಮನಿ ಅಂತ ನನ್ನ ಬಾಯಿಲೇ ಅಂದೇನಿ. ನನಗೂ ಎರಡ ಹೆಣ್ಣಮಕ್ಕಳದಾರ" ಎಂದು ಎದ್ದು ಚಪ್ಪಲಿ ಮೆಟ್ಟಿ ಮ್ಯಾನೇಜರ ಹತ್ತಿರ ಹೋದರು.

ಮ್ಯಾನೇಜರು ಮುಂಬೈ ಕಡೆಯ ಎಳೆಯ ಮನುಷ್ಯ, ಯಾವಾಗಲೂ ಗಡಿಬಿಡಿ. ಬಂದು ಚೌಕಟ್ಟು ನೋಡಿದರು, ನಮ್ಮನ್ನು ನೋಡಿದರು. ಸಾಹುಕಾರರು ಹಿಂದಿಯಲ್ಲಿ, ನಿಲ್ಲಿಸಿದ ಚೌಕಟ್ಟು ಕಿತ್ತರೆ ನಮ್ಮಲ್ಲಿ ಕಟ್ಟಿದವನ ಮನೆ ಏಳಿಗೆಯಾಗುವುದಿಲ್ಲ, ಇವನ ಹೆಂಡತಿ ನೋಡಿದರೆ ತುಂಬಿದ ಬಸುರಿ ಎಂದು ಅವರಿಗೆ ತಿಳಿಸಿ ಹೇಳಿದರು. ಅಷ್ಟು ಮನಸ್ಸು ಹಚ್ಚಿ ಅವರು ಯಾರ ಪರ ಮಾತಾಡಿದ್ದನ್ನೂ ನಾನು ಕಂಡಿರಲಿಲ್ಲ. ಮ್ಯಾನೇಜರು ಕೈಗಡಿಯಾರ ನೋಡಿಕೊಂಡು, "ಸರಿ, ಬಾಗಿಲು ಕೂರಿಸಿ. ಆದರೆ ಚಿಲಕ ನಮ್ಮ ಕಡೆ ಇರಲಿ" ಅಂದರು.

ಆಗ ನಮ್ಮವರು ಮುಂದೆ ಬಂದರು. "ಸಾಹೇಬ್, ಚಿಲಕ ಯಾವಾಗಲೂ ಮನೆಯ ಒಳಗೆ ಇರುತ್ತದೆ" ಎಂದು ಮಾಸಿಯ ಅಂಗಳದ ಕಡೆ ಕೈ ತೋರಿಸಿದರು. "ಮನೆ ಆ ಕಡೆ ಇದೆ."

ಆಯಿತು, ಮುಗಿಯಿತು, ಇನ್ನು ಗಂಟುಮೂಟೆ ಕಟ್ಟುವುದೇ ಅಂದುಕೊಂಡೆ. ಮ್ಯಾನೇಜರು ಗೋಡೆಯಾಚೆ ನೋಡಿದರು. ಮಾಸಿ ಅಂಗಳದಲ್ಲಿ ತೆಂಗಿನ ಗರಿ ಹೆಣೆಯುತ್ತ, ನಮ್ಮ ಕಡೆ ನೋಡದ ಹಾಗೆ ನೋಡುತ್ತಿದ್ದಳು. "ನಮ್ಮ ಗೆಸ್ಟುಗಳಿಗೆ ದಿನಾ ಎಳನೀರು ಬೇಕಾಗುತ್ತದೆ. ಎಳನೀರು ತರುವ ಬಾಗಿಲು ಎಂದು ಆಫೀಸಿಗೆ ಬರೆಯುತ್ತೇನೆ" ಎಂದು ಹೇಳಿ, ಬಂದಷ್ಟೇ ಗಡಿಬಿಡಿಯಿಂದ ಹೊರಟುಹೋದರು. ಪುಣ್ಯಾತ್ಮ. ಅವರ ಹೊಟ್ಟೆ ತಣ್ಣಗಿರಲಿ.

ಮಳೆಗಾಲ ಬಂತು. ಡಾಕ್ಟರಮ್ಮ ದಿನ ತುಂಬುವ ಮೊದಲೇ ನನ್ನನ್ನು ದೊಡ್ಡ ದ್ವೀಪದ ಆಸ್ಪತ್ರೆಗೆ ಸಾಗಿಸಿದರು. ಮಾಸಿ ಜೊತೆಗೇ ಬಂದಳು. ಮಗಳು ಹುಟ್ಟಿದಾಗ ಮೊದಲು ಎತ್ತಿಕೊಂಡದ್ದು ಅವಳೇ. ಬಾಣಂತನವೂ ಅವಳದೇ. ಸಾಸಿವೆ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ಕೂಸಿಗೂ ನನಗೂ ತಿಕ್ಕಿದಳು. ಅವ್ವ ಫೋನಿನಲ್ಲಿ, "ಶೇಂಗಾ ಎಣ್ಣಿನ ಛಲೋ ಅಂತ ಹೇಳಾಕಿಗೆ" ಅನ್ನುತ್ತಿದ್ದಳು. ಇಬ್ಬರು ತಾಯಂದಿರ ಎಣ್ಣೆಯ ಜಗಳದಲ್ಲಿ ನಾನು ದಪ್ಪಗಾದೆ.

ದೀಪಾವಳಿಗೆ ನಾವು ಊರಿಗೆ ಮರಳಿದೆವು. ರಿಸಾರ್ಟು ಶುರುವಾಯಿತು, ಆಮೇಲೆ ಮಾಲೀಕರು ಬದಲಾದರು, ಇನ್ನೂ ದೊಡ್ಡದಾಯಿತಂತೆ. ಮಾಸಿ ಈಗಿಲ್ಲ. ನಿತಾಯಿ ಆಗಾಗ ಫೋನು ಮಾಡುತ್ತಾನೆ. ಗೋಡೆಗೆ ಬಣ್ಣ ಬದಲಾಗಿದೆ, ಬಾಗಿಲು ಅದೇ ಇದೆ ಅನ್ನುತ್ತಾನೆ. ಮಗಳು ಬೈಲಹೊಂಗಲದಲ್ಲಿ ಕಾಲೇಜಿಗೆ ಹೋಗುತ್ತಾಳೆ. ಹುಟ್ಟಿದ ಊರು ಎಂದು ಯಾರಾದರೂ ಕೇಳಿದರೆ ಅಂಡಮಾನ್ ಎಂದು ಹೇಳಿ ಮೆರೆಯುತ್ತಾಳೆ.

ಆ ವರ್ಷದ ಪಂಚಮಿಯ ದಿನವೊಂದನ್ನು ಹೇಳಿ ಮುಗಿಸುತ್ತೇನೆ. ನಮ್ಮ ಕಡೆ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಅಕ್ಕತಂಗಿಯರನ್ನು ತವರಿಗೆ ಕರೆದುಕೊಂಡು ಹೋಗಬೇಕು. ಹೊಸ್ತಿಲಲ್ಲಿ ನಿಂತು ಕರೆಯಬೇಕು, ಗಂಡ ಕಳಿಸಿಕೊಡಬೇಕು. ನನಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲ. ಪಂಚಮಿ ಬಂತೆಂದರೆ ಓಣಿಯ ಹೆಣ್ಣುಮಕ್ಕಳೆಲ್ಲ ಒಬ್ಬೊಬ್ಬರಾಗಿ ಅಣ್ಣಂದಿರ ಹಿಂದೆ ಹೊರಡುವುದನ್ನು ಬಾಗಿಲ ಮರೆಯಿಂದ ನೋಡುವುದು ನನ್ನ ಪಾಲಿಗೆ ಬಂದದ್ದು. ದ್ವೀಪದಲ್ಲಿ ಅವತ್ತು ಮಳೆ ಹೊಯ್ಯುತ್ತಿತ್ತು, ಕೆಲಸ ನಿಂತಿತ್ತು. ಕೂಸಿಗೆ ಹಾಲು ಕೊಡುತ್ತ ಶೆಡ್ಡಿನಲ್ಲಿ ಕುಳಿತಿದ್ದೆ.

ಗೋಡೆಯ ಬಾಗಿಲು ಕಿರ್ ಅಂದಿತು. ನಿತಾಯಿ ಕೊಡೆ ಹಿಡಿದು ಬರುತ್ತಿದ್ದ. ಯಾವಾಗಲೂ ಬನಿಯನ್ನಿನಲ್ಲಿ ಇರುವವನು ಅವತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತಲೆ ಬಾಚಿದ್ದ. ಶೆಡ್ಡಿನ ಹೊಸ್ತಿಲಲ್ಲಿ ನಿಂತು, ಒಳಗೆ ಬರದೆ, ಪಾಠ ಒಪ್ಪಿಸುವವನಂತೆ ಕನ್ನಡದಲ್ಲೇ ಹೇಳಿದ:

"ಅಕ್ಕಾ, ಪಂಚಮಿಗೆ ಕರಿಯಾಕ ಬಂದೇನಿ."

ಹಿಂದೆ ಮೂಲೆಯಲ್ಲಿ ಯಮನಪ್ಪ ಕಾಕಾ ಮುಖ ಆಚೆ ತಿರುಗಿಸಿಕೊಂಡು ಬೀಡಿ ಹಚ್ಚುತ್ತಿದ್ದರು. ಕಲಿಸಿದ ಗುರು ಯಾರೆಂದು ಬೇರೆ ಹೇಳಬೇಕೇ? ಕೂಸನ್ನು ಎದೆಗೆ ಅವುಚಿಕೊಂಡು ಗಳಗಳ ಅತ್ತುಬಿಟ್ಟೆ. ನಿತಾಯಿ ಏನೋ ತಪ್ಪು ಹೇಳಿದೆನೆಂದು ಹೆದರಿ ಕಾಕಾನ ಕಡೆ ನೋಡಿದ.

ನಮ್ಮವರು ಎದ್ದು ಬಂದರು. ಮನೆಯ ಯಜಮಾನನ ಗತ್ತಿನಲ್ಲಿ ಟವೆಲು ಹೆಗಲಿಗೆ ಹಾಕಿಕೊಂಡು, ನಗು ತಡೆದುಕೊಂಡು, ಕೇಳಬೇಕಾದ ಮಾತನ್ನು ಕೇಳಿದರು. "ಕಳಸ್ತೇನಪಾ. ಯಾವಾಗ ಹೊಳ್ಳಿ ತಂದ ಬಿಡ್ತಿ?"

ಇದಕ್ಕೆ ಉತ್ತರ ಕಾಕಾ ಕಲಿಸಿರಲಿಲ್ಲ. ಮಾತಿನ ಅರ್ಥವನ್ನು ಇವರೇ ಹಿಂದಿಯಲ್ಲಿ ಹೇಳಿದರು. ಹೊಸ್ತಿಲು ದಾಟಿ ಬಂದ ನನ್ನ ಮೇಲೆ, ಕೂಸಿನ ಮೇಲೆ ನಿತಾಯಿ ಕೊಡೆ ಹಿಡಿದು ತಾನು ಮಳೆಯಲ್ಲಿ ನೆನೆಯುತ್ತ ತನ್ನ ಭಾಷೆಯಲ್ಲಿ ಅಂದ: "ಅವಳ ಮನೆಗೆ ಅವಳು ಬರುತ್ತಿದ್ದಾಳೆ. ಮನಸ್ಸಾದಾಗ ಹೋಗಲಿ ಬಿಡಿ, ಭಾವ."